ಯಾರು ಬೇಕಿತ್ತು?

ಪೋಳಿನ ಹೆಬ್ಬಾಗಿಲು ದಾಟಿ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಎಡಗಡೆಯ ಜಗಲಿಯಿಂದ ಒಂದು ದನಿ ನಮ್ಮನ್ನು ತಡೆಯಿತು. ‘ಕೋನು ಕಾಮ್ ಛೇ?’

ಗದರಿಕೆಯಲ್ಲ, ಉಪಚಾರವೂ ಅಲ್ಲ. ಹಾಲಿನವನು ಬಂದನಾ ಎಂದು ವಿಚಾರಿಸುವಷ್ಟು ಸಹಜವಾದ ದನಿ. ತಿರುಗಿ ನೋಡಿದೆ. ತಲೆಯ ಮೇಲೆ ಸೆರಗು ಹೊದ್ದ, ಎಪ್ಪತ್ತೈದರ ಆಸುಪಾಸಿನ ಅಜ್ಜಿ. ಎದುರಿಗೊಂದು ಸ್ಟೀಲಿನ ತಟ್ಟೆ, ಪಕ್ಕದಲ್ಲಿ ರಾಶಿ ಹಸಿ ತೊಗರಿಕಾಯಿ. ಬೆರಳುಗಳು ಕಾಯಿ ಬಿಡಿಸುತ್ತಲೇ ಇದ್ದವು. ಕಣ್ಣು ಮಾತ್ರ ನಮ್ಮ ಮೇಲಿತ್ತು.

‘ಅತ್ತೆ, ಯಾರು ಬೇಕಿತ್ತು ಅಂತ ಕೇಳ್ತಿದ್ದಾರೆ’ ಎಂದ ಅಣ್ಣನ ಮಗ. ಅವನು ಈ ಊರಿನಲ್ಲಿ ವಾಸ್ತುಶಿಲ್ಪ ಓದುತ್ತಿರುವ ಹುಡುಗ. ಅವನೇ ಮುಂದೆ ಹೋಗಿ, ಯಾರೂ ಬೇಕಿಲ್ಲ, ನಮ್ಮ ಅತ್ತೆ ಮೈಸೂರಿನ ಕಡೆಯವರು, ಪೋಳು ನೋಡಲು ಬಂದಿದ್ದಾರೆ ಎಂದು ಗುಜರಾತಿಯಲ್ಲಿ ಹೇಳಿದ. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ತೊಗರಿಕಾಯಿಯ ರಾಶಿಯನ್ನು ಅತ್ತ ಸರಿಸಿ, ಜಗಲಿಯ ಮೇಲೆ ಅಂಗೈಯಿಂದ ಎರಡು ಬಾರಿ ತಟ್ಟಿದರು. ಕೂತುಕೋ ಎಂಬುದಕ್ಕೆ ಯಾವ ಭಾಷೆಯೂ ಬೇಕಾಗಲಿಲ್ಲ.

ನಾನು ಕೂತೆ. ಮೈಸೂರಿನ ಅಗ್ರಹಾರದ ನಮ್ಮ ಮನೆಯ ಜಗಲಿ ಹೋಗಿ ಮೂವತ್ತು ವರ್ಷವಾಗಿತ್ತು. ರಸ್ತೆ ಅಗಲವಾಗಬೇಕೆಂದು ಅರ್ಧ ಹೋಯಿತು, ಸ್ಕೂಟರ್ ನಿಲ್ಲಿಸಲು ಇನ್ನರ್ಧ. ಅಷ್ಟು ವರ್ಷದ ಮೇಲೆ ಮತ್ತೆ ಒಂದು ಜಗಲಿಯ ಕಲ್ಲು ತಣ್ಣಗೆ ತಾಗಿತು. ಸಂಕ್ರಾಂತಿಗೆ ಇನ್ನು ಐದಾರು ದಿನ. ನಮ್ಮಲ್ಲಿ ಈ ಹೊತ್ತಿಗೆ ಮನೆಮನೆಯ ಮುಂದೆ ಅವರೆಕಾಯಿ ಬಿಡಿಸುತ್ತಿರುತ್ತಾರೆ. ಇಲ್ಲಿ ಊಂಧಿಯು ಎಂಬ ಹಬ್ಬದ ಪಲ್ಯಕ್ಕೆಂದು ತೊಗರಿಕಾಯಿ. ಕೇಳದೆಯೇ ನಾನೂ ಒಂದು ಹಿಡಿ ಎತ್ತಿಕೊಂಡೆ. ಬಾ ನಕ್ಕರು. ಗುಜರಾತಿಯಲ್ಲಿ ತಾಯಿಗೂ ಅಜ್ಜಿಗೂ ಬಾ ಎನ್ನುತ್ತಾರೆ. ಕನ್ನಡದವಳಾದ ನನಗೆ ಆ ಪದ ಪ್ರತಿ ಸಲವೂ ಕರೆದಂತೆಯೇ ಕೇಳಿಸುತ್ತಿತ್ತು.

ಅಹಮದಾಬಾದಿನ ಹಳೆಯ ಊರಿಗೆ ನಾನು ಬಂದದ್ದು ಮಸೀದಿಗಳ ಜಾಲಂಧ್ರ ನೋಡಲು, ಮರದ ಕೆತ್ತನೆ ನೋಡಲು. ಸಾಬರಮತಿಯ ಪೂರ್ವ ದಂಡೆಯಲ್ಲಿ 1411ರಲ್ಲಿ ಸುಲ್ತಾನ ಅಹಮದ್ ಶಾ ಕಟ್ಟಿಸಿದ ಪಟ್ಟಣ ಇದು. 2017ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ನಗರವೆಂದು ಸಾರಿತು. ಭಾರತದಲ್ಲಿ ಆ ಗೌರವ ಪಡೆದ ಮೊದಲ ನಗರ. ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಬೆಳಗಿನ ಹೊತ್ತು ಹೊರಟು ಜಾಮಾ ಮಸೀದಿ ಮುಟ್ಟುವ ಪರಂಪರೆ ನಡಿಗೆಯೊಂದನ್ನು ನಗರಪಾಲಿಕೆ 1997ರಲ್ಲಿ ಶುರುಮಾಡಿತು. ನಾವೂ ಅದೇ ದಾರಿ ಹಿಡಿದಿದ್ದೆವು. ಆದರೆ ಈ ಜಗಲಿ ದಾಟಿ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ. ಮೂರು ದಿನದ ಪ್ರವಾಸದಲ್ಲಿ ಹೆಚ್ಚಿನ ಹೊತ್ತು ಈ ಪೋಳಿನಲ್ಲೇ ಕಳೆದುಹೋಯಿತು.

ಪೋಳು ಎಂದರೇನು? ಹೊರಗಿನ ರಸ್ತೆಯಲ್ಲಿ ನಿಂತರೆ ಕಾಣುವುದು ಅಂಗಡಿಗಳ ಸಾಲು, ರಿಕ್ಷಾಗಳ ಅಬ್ಬರ, ಗಾಳಿಪಟದ ದಾರಕ್ಕೆ ಗುಲಾಬಿ ಬಣ್ಣದ ಮಾಂಜಾ ಹಚ್ಚುತ್ತಿರುವ ಕೈಗಳು. ಎರಡು ಅಂಗಡಿಗಳ ನಡುವೆ ಒಂದು ಹೆಬ್ಬಾಗಿಲು. ಬಾಗಿಲಿನ ನೆತ್ತಿಯ ಮೇಲೆ ಒಂದು ಪುಟ್ಟ ಕೋಣೆ. ಹಿಂದೆ ಅಲ್ಲಿ ಕಾವಲುಗಾರ ಇರುತ್ತಿದ್ದ. ಅವನಿಗೆ ಪೋಳಿಯೋ ಎಂದೇ ಹೆಸರು. ಬಾಗಿಲ ಪಕ್ಕದ ಗೋಡೆಯ ಮೇಲೆ ಕರಿಹಲಗೆ. ಒಳಗೆ ಕಾಲಿಟ್ಟರೆ ಪೇಟೆಯ ಗದ್ದಲವನ್ನು ಯಾರೋ ಕೈಯಿಂದ ಮುಚ್ಚಿದ ಹಾಗೆ. ಇಬ್ಬರು ತೋಳು ಚಾಚಿ ನಿಂತರೆ ಎರಡೂ ಬದಿಯ ಮನೆ ಮುಟ್ಟಬಹುದಾದ ಓಣಿ. ಮೂರಂತಸ್ತಿನ ಮನೆಗಳು ಮೇಲೆ ಮೇಲೆ ಹೋದಂತೆ ಒಂದರತ್ತ ಒಂದು ಬಾಗುತ್ತವೆ. ಹಾಗಾಗಿ ಬೇಸಿಗೆಯ ಮಧ್ಯಾಹ್ನದಲ್ಲೂ ಓಣಿಯಲ್ಲಿ ನೆರಳು. ಅದು ನೇರ ಹೋಗುವುದಿಲ್ಲ. ತಿರುಗುತ್ತದೆ, ಕವಲೊಡೆಯುತ್ತದೆ, ಕೊನೆಗೆ ಯಾರದೋ ಮನೆ ಬಾಗಿಲಲ್ಲಿ ನಿಂತುಬಿಡುತ್ತದೆ. ಇಂಥ ನೂರಾರು ಪೋಳುಗಳು ಸೇರಿ ಹಳೆಯ ಊರಾಗಿದೆ. ಸಂಸ್ಕೃತದಲ್ಲಿ ಬಾಗಿಲು ಎಂಬರ್ಥವೂ ಇರುವ ‘ಪ್ರತೋಲಿ’ಯೇ ‘ಪೋಳ್’ ಆಯಿತಂತೆ. ಬಾಗಿಲಿನ ಹೆಸರೇ ಬೀದಿಯ ಹೆಸರಾಯಿತು.

ಕರಿಹಲಗೆಯ ಮೇಲೆ ಅಂದು ಸೀಮೆಸುಣ್ಣದಲ್ಲಿ ಮೂರು ಸಾಲು ಬರೆದಿತ್ತು. ಹುಡುಗ ಓದಿ ಹೇಳಿದ. ಒಂದು, ನೀರು ಬರುವ ಹೊತ್ತಿನ ಬದಲಾವಣೆ. ಎರಡು, ಹೆಸರು ಹೇಳಿ ಒಬ್ಬ ಹಿರಿಯರ ಸಾವಿನ ಸುದ್ದಿ, ಸಂತಾಪ ಹೇಳಲು ಎಲ್ಲರೂ ಸೇರುವ ಬೆಸಣು ಎಷ್ಟು ಹೊತ್ತಿಗೆ, ಎಲ್ಲಿ ಎಂಬ ವಿವರ. ಮೂರು, ಒಂದು ಕೀಲಿಗೊಂಚಲು ಸಿಕ್ಕಿದೆ, ಕಳೆದುಕೊಂಡವರು ಇಂಥ ಮನೆಗೆ ಬಂದು ಕೇಳಬೇಕು.

ಆ ಎರಡನೆಯ ಸಾಲಿನ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಬೆಂಗಳೂರಿನಲ್ಲಿ ನಾನಿರುವುದು ಹದಿನಾಲ್ಕನೆಯ ಮಹಡಿಯಲ್ಲಿ. ಮೂರು ಗೇಟು, ಹೆಜ್ಜೆಗೊಂದು ಕ್ಯಾಮೆರಾ, ಬರುವವರ ಹೆಸರು ನಮೂದಿಸಲು ಮೊಬೈಲಿನಲ್ಲೊಂದು ಆ್ಯಪ್. ಕಳೆದ ವರ್ಷ ಎದುರು ಮನೆಯಾಕೆಯ ತಾಯಿ ತೀರಿಕೊಂಡರು. ನನಗೆ ಗೊತ್ತಾದದ್ದು ಎರಡು ದಿನದ ಮೇಲೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಸಂದೇಶದಿಂದ. ಎರಡು ಬಾಗಿಲುಗಳ ನಡುವೆ ಇರುವುದು ಎಂಟು ಅಡಿ. ಆ ಎಂಟು ಅಡಿಯ ನಾಚಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಬಾ ಅವರ ಜಗಲಿಗೆ ಇಲ್ಲಿ ಓಟಲೋ ಎನ್ನುತ್ತಾರೆ. ಬೀದಿಗಿಂತ ಎರಡು ಮೆಟ್ಟಿಲು ಎತ್ತರ. ಮೇಲಿನ ಮಹಡಿಯನ್ನು ಹೊತ್ತ ಮರದ ಕಂಬ, ಕಂಬದ ತಲೆಯಲ್ಲಿ ಗಿಳಿ, ಬಳ್ಳಿ, ಸೊಂಡಿಲೆತ್ತಿದ ಆನೆಯ ಕೆತ್ತನೆ. ಕಂಬದ ಬುಡ ಮಾತ್ರ ನುಣುಪಾಗಿ, ಕಪ್ಪಾಗಿ ಹೊಳೆಯುತ್ತಿತ್ತು. ಎಷ್ಟು ತಲೆಮಾರಿನ ಬೆನ್ನು ಅಲ್ಲಿ ಒರಗಿದೆಯೋ, ಅಷ್ಟು ಎಣ್ಣೆ ಮರ ಕುಡಿದಿದೆ. ನಾನೂ ಅಲ್ಲೇ ಒರಗಿ ಒಂದು ಬೆಳಗಿನ ಸಂಚಾರವನ್ನೆಲ್ಲ ನೋಡಿದೆ.

ಮೊದಲು ಬಂದದ್ದು ಶಾಲೆಗೆ ಹೊರಟ ಇಬ್ಬರು ಹುಡುಗಿಯರು. ‘ಬಾ, ಆವ್ಜೋ’ ಎಂದರು. ಆವ್ಜೋ ಎಂದರೆ ಬನ್ನಿ ಎಂದರ್ಥ; ನಮ್ಮ ಹೋಗಿಬರ್ತೀನಿ, ಹೋಗಿಬನ್ನಿ ಇದ್ದ ಹಾಗೆ, ಅಗಲುವ ಮಾತಿನಲ್ಲೇ ಮರಳುವ ಮಾತೂ ಇದೆ. ಒಬ್ಬಳ ಜಡೆ ಬಿಚ್ಚಿತ್ತು. ಬಾ ಕರೆದು, ರಿಬ್ಬನ್ ಬಿಗಿದು ಕಳಿಸಿದರು. ಅದು ಅವರ ಮೊಮ್ಮಗಳಲ್ಲ, ನಾಲ್ಕನೆಯ ಮನೆಯ ಮಗು. ಆಮೇಲೆ ತರಕಾರಿ ಗಾಡಿ. ಎದುರು ಮನೆಯ ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯಿತು, ಬದನೆಕಾಯಿ ತುಂಬಿಕೊಂಡು ಮೇಲೇರಿತು. ಕಾಸು ಎಣಿಸಿದ್ದು ಬಾ. ಅನಿಲದ ಸಿಲಿಂಡರು ತಂದವನಿಗೆ ಮನೆ ಬೀಗ ಹಾಕಿತ್ತು. ಸಿಲಿಂಡರು ಇಳಿದದ್ದು ಬಾ ಅವರ ಜಗಲಿಯ ಮೇಲೆ. ಹನ್ನೊಂದರ ಹೊತ್ತಿಗೆ ಗುರುತಿಲ್ಲದ ಒಬ್ಬ ಯುವಕ ಒಳಬಂದ. ಬಾ ಬಾಯಿ ತೆರೆಯುವ ಮೊದಲೇ ಆಚೆಯ ಜಗಲಿಯಿಂದ, ಮೇಲಿನ ಕಿಟಕಿಯಿಂದ ಎರಡು ದನಿ ಒಟ್ಟಿಗೆ ಬಂದವು: ‘ಕೋನು ಕಾಮ್ ಛೇ?’ ಅವನು ಒಂದು ಹೆಸರು ಹೇಳಿದ. ಕೂಡಲೇ ಮೂರು ಕೈಗಳು ಒಂದೇ ಮನೆಯತ್ತ ದಾರಿ ತೋರಿಸಿದವು.

ಆಗ ನನಗೆ ಹೊಳೆಯಿತು. ಆ ಪ್ರಶ್ನೆಯಲ್ಲಿ ಕಾವಲೂ ಇದೆ, ಆದರವೂ ಇದೆ. ಬೇರೆ ಬೇರೆ ಮಾಡಲು ಬರುವುದಿಲ್ಲ. ಕಳ್ಳನಾಗಿದ್ದರೆ ಆ ಒಂದು ಮಾತಿಗೇ ಕಾಲು ಹಿಂದೆ ಸರಿಯುತ್ತದೆ. ನೆಂಟನಾಗಿದ್ದರೆ ಹುಡುಕುವ ತೊಂದರೆ ತಪ್ಪುತ್ತದೆ. ಮೈಸೂರಿನಲ್ಲಿ ನಾನು ಚಿಕ್ಕವಳಿದ್ದಾಗ ಬೇರೆ ಬೀದಿಗೆ ಕಾಲಿಟ್ಟರೆ ಸಾಕು, ‘ಯಾರ ಮಗಳಮ್ಮ ನೀನು?’ ಎಂದು ಯಾರಾದರೂ ಕೇಳುತ್ತಿದ್ದರು. ಆಗ ಅದು ತಲೆಹರಟೆ ಅನ್ನಿಸುತ್ತಿತ್ತು.

ಈ ವ್ಯವಸ್ಥೆ ಸುಮ್ಮನೆ ಹುಟ್ಟಿದ್ದಲ್ಲ. ಹದಿನೆಂಟನೆಯ ಶತಮಾನ ಈ ಊರಿಗೆ ನೆಮ್ಮದಿ ಕೊಡಲಿಲ್ಲ. ಮೊಘಲರ ಹಿಡಿತ ಸಡಿಲವಾಗಿತ್ತು, ಮರಾಠರ ಸೇನೆ ಬಾಗಿಲಿಗೆ ಬಂದಿತ್ತು. 1725ರಲ್ಲಿ ಊರು ಲೂಟಿಯಾಗುವ ಹಂತ ಮುಟ್ಟಿದಾಗ ವರ್ತಕರ ಮುಖಂಡರಾದ ನಗರಶೇಠ ಖುಶಾಲಚಂದ್ ತಮ್ಮ ಸ್ವಂತ ಸಂಪತ್ತನ್ನು ಸುರಿದು ಸೇನೆಯನ್ನು ಹಿಂದಕ್ಕೆ ಕಳಿಸಿದರು. ಉಪಕಾರ ಮರೆಯದ ವರ್ತಕರು ಊರಿನ ವ್ಯಾಪಾರದ ಮೇಲೆ ನೂರಕ್ಕೆ ನಾಲ್ಕಾಣೆಯನ್ನು ಅವರ ಮನೆತನಕ್ಕೆ ಸಲ್ಲಿಸುವುದಾಗಿ ಬರೆದುಕೊಟ್ಟರು. ಆದರೆ ಪ್ರತಿ ಸಲವೂ ಒಬ್ಬ ಖುಶಾಲಚಂದ್ ಸಿಗುವುದಿಲ್ಲವಲ್ಲ. ಬೀದಿಗಳು ತಮ್ಮ ರಕ್ಷಣೆಯನ್ನು ತಾವೇ ವಹಿಸಿಕೊಂಡವು. ಹೆಬ್ಬಾಗಿಲುಗಳು ಗಟ್ಟಿಯಾದವು, ರಾತ್ರಿ ಅಗುಳಿ ಬೀಳತೊಡಗಿತು.

ಬಾಗಿಲಿನ ಹಿಂದೆ ಒಂದು ಪಂಚಾಯ್ತಿಯೂ ಬೆಳೆಯಿತು. ಮನೆ ಮಾರುವವರು ಮೊದಲು ಪೋಳಿನವರನ್ನೇ ಕೇಳಬೇಕು. ಮಾರಿದರೆ ಒಂದು ಪಾಲು ಪೋಳಿನ ಭಂಡಾರಕ್ಕೆ. ಮನೆಯಲ್ಲಿ ಮದುವೆಯಾದರೆ ಕಾಣಿಕೆ, ಪೋಳಿಗೆಲ್ಲ ಊಟ. ಸಾವಾದರೆ ಎಲ್ಲರೂ ಜೊತೆಗೆ ನಡೆಯಬೇಕು. ಭಂಡಾರದ ಹಣದಲ್ಲಿ ಕಾವಲುಗಾರನ ಸಂಬಳ, ಬಾಗಿಲಿನ ರಿಪೇರಿ. ಮದುವೆಯೂಟವೂ ಬಾಗಿಲಿನ ಅಗುಳಿಯೂ ಒಂದೇ ಲೆಕ್ಕದ ಪುಸ್ತಕದಲ್ಲಿದ್ದ ಕಾಲ ಅದು. ಜೊತೆಗೆ ಕೂತು ಉಂಡವರು ಜೊತೆಗೆ ಬಾಗಿಲನ್ನೂ ಕಾಯುತ್ತಾರೆ ಎಂಬುದು ಆ ಹಿರಿಯರಿಗೆ ಗೊತ್ತಿತ್ತು.

ಎರಡನೆಯ ದಿನ ಬಾ ಅವರ ಸೊಸೆ ನನಗೊಂದು ಅಚ್ಚರಿ ತೋರಿಸಿದರು. ಓಣಿಯ ತುದಿಯಲ್ಲಿ ಒಂದು ಬಾಗಿಲು. ಥೇಟ್ ಮನೆಯ ಬಾಗಿಲೇ, ಹೊಸ್ತಿಲಿದೆ, ಚಿಲಕವಿದೆ. ಆಕೆ ತಳ್ಳಿದರು. ಆಚೆ ಮನೆಯಿಲ್ಲ, ಸೊಂಟ ಬಗ್ಗಿಸಿ ನಡೆಯುವಂಥ ಕತ್ತಲ ಓಣಿ. ಹದಿನೈದು ಹೆಜ್ಜೆ ನಡೆದು ತಲೆಯೆತ್ತಿದರೆ ಬೇರೆಯೇ ಪೋಳು, ಬೇರೆಯೇ ಆಕಾಶ, ಬೇರೆಯೇ ಜಗಲಿಗಳು! ಮುಂದಿನ ಬಾಗಿಲಿನಿಂದ ಆಪತ್ತು ಬಂದರೆ ಪಾರಾಗಲು ಹಿಂದಿನವರು ಉಳಿಸಿಕೊಂಡ ದಾರಿ ಅದು. ಗೊತ್ತಿಲ್ಲದವರು ಅದರ ಮುಂದೆ ನೂರು ಸಲ ಓಡಾಡಿದರೂ ಅದು ದಾರಿಯೆಂದು ತಿಳಿಯುವುದಿಲ್ಲ. ಆ ಕತ್ತಲಿನಿಂದ ಬೆಳಕಿಗೆ ಬಂದಾಗ ನನ್ನ ಎದೆ ಹುಡುಗಿಯರ ಎದೆಯಂತೆ ಬಡಿದುಕೊಳ್ಳುತ್ತಿತ್ತು.

ಆ ಪಕ್ಕದ ಪೋಳಿನ ಚೌಕದಲ್ಲಿ ಚಬೂತರೋ ಇತ್ತು. ಒಂದು ಕಂಬ, ಅದರ ತಲೆಯ ಮೇಲೆ ಪುಟ್ಟ ಮಂಟಪ. ಹಕ್ಕಿಗಳಿಗೆ ಕಾಳು ಹಾಕಲೆಂದೇ ಕಟ್ಟಿದ್ದು. ಒಬ್ಬ ಮುದುಕರು ಏಣಿ ಹತ್ತಿ ಜೋಳ ಸುರಿದರು. ಗಿಳಿ, ಪಾರಿವಾಳ, ಅಳಿಲು ಎಲ್ಲ ಮುತ್ತಿದವು. ಬೆಕ್ಕಿಗೆ ನಿಲುಕದಷ್ಟು ಎತ್ತರದಲ್ಲಿ ಆ ಮಂಟಪ. ಊರು ಕಟ್ಟುವಾಗ ಬಯಲನ್ನೂ ಮರವನ್ನೂ ಕಸಿದುಕೊಂಡೆವಲ್ಲ, ಅವುಗಳಿಗೆ ಇದು ನಮ್ಮ ಬಾಕಿ ಎಂದರು ಆ ಹಿರಿಯರು. ಒಂದು ಬೀದಿ ತನ್ನ ರಕ್ಷಣೆಯ ಲೆಕ್ಕದಲ್ಲಿ ಅಳಿಲನ್ನೂ ಸೇರಿಸಿಕೊಂಡಿದೆ ಎಂಬುದು ನನ್ನ ಕಣ್ಣನ್ನು ತುಂಬಿಸಿತು.

ಬಾ ಅವರ ಮನೆಯೊಳಗೆ ನಡುವೆ ತೆರೆದ ಅಂಗಳ. ಅದಕ್ಕೆ ಚೌಕ್ ಎನ್ನುತ್ತಾರೆ. ನೆಲದಲ್ಲಿ ಒಂದು ಮುಚ್ಚಳ. ಸೊಸೆ ಅದನ್ನು ಎತ್ತಿದಾಗ ಕೆಳಗಿನಿಂದ ತಂಪು ಗಾಳಿ ಮುಖಕ್ಕೆ ಬಡಿಯಿತು. ಟಾಂಕಾ. ಮನೆಯ ಕೆಳಗೇ ಸುಣ್ಣದ ಗಾರೆ ಬಳಿದ ನೀರಿನ ಕೋಣೆ. ಮಾಡಿನ ಮೇಲೆ ಬಿದ್ದ ಮಳೆನೀರು ಕೊಳವೆಯಲ್ಲಿಳಿದು ಇಲ್ಲಿ ಸೇರುತ್ತದೆ. ಬಿಸಿಲು ತಾಗದ್ದರಿಂದ ವರ್ಷಗಟ್ಟಲೆ ಕೆಡದು. ಊರಿಗೆ ಮುತ್ತಿಗೆ ಬಿದ್ದರೂ, ಕರ್ಫ್ಯೂ ಬಿದ್ದರೂ ನೀರಿಗೆ ಹೊರಗೆ ಹೋಗಬೇಕಿಲ್ಲ. ತಾಮ್ರದ ತಂಬಿಗೆಯಲ್ಲಿ ಒಂದು ಗುಟುಕು ಕೊಟ್ಟರು. ಹಿಂದಿನ ಆಷಾಢದ ಮಳೆಯನ್ನು ನಾನು ಪುಷ್ಯದಲ್ಲಿ ಕುಡಿದೆ.

ಗೋಡೆಗಳನ್ನು ತೋರಿಸುತ್ತ ಹುಡುಗ ಹೇಳಿದ ಮಾತು ನೆನಪಿದೆ. ಇಲ್ಲಿ ಇಟ್ಟಿಗೆಯ ನಡುನಡುವೆ ಮರದ ತೊಲೆಗಳನ್ನು ಅಡ್ಡಡ್ಡ ಹಾಸಿ ಕಟ್ಟುತ್ತಾರೆ. ನೆಲ ನಡುಗಿದರೆ ಗೋಡೆ ಮುರಿಯುವ ಬದಲು ಸ್ವಲ್ಪ ಬಳುಕುತ್ತದೆ. 2001ರ ಜನವರಿ 26ರ ಬೆಳಿಗ್ಗೆ ಕಛ್‌ನಲ್ಲಿ ಭೂಮಿ ಕಂಪಿಸಿದಾಗ ಅಹಮದಾಬಾದಿನ ಹೊಸ ಬಡಾವಣೆಗಳಲ್ಲಿ ಎಷ್ಟೋ ಬಹುಮಹಡಿ ಕಟ್ಟಡಗಳು ಕುಸಿದು ನೂರಾರು ಜನ ಸತ್ತರು. ಪೋಳಿನ ಹೆಚ್ಚಿನ ಮನೆಗಳು ಒಂದನ್ನೊಂದು ಆತುಕೊಂಡು ನಿಂತವು. ‘ಅತ್ತೆ, ಇಲ್ಲಿ ಗೋಡೆಗೂ ನೆರೆಮನೆ ಬೇಕು’ ಎಂದ ಅವನು. ಅವನ ವಯಸ್ಸಿಗೆ ಆ ಮಾತು ದೊಡ್ಡದು.

ಹೀಗೆ ಮರುಳಾಗಿ ಹೊಗಳುತ್ತಿದ್ದ ನನ್ನನ್ನು ಸೊಸೆಯ ಒಂದು ಮಾತು ನಿಲ್ಲಿಸಿತು. ನಲವತ್ತರ ಹೆಂಗಸು, ಹಿಂದಿಯಲ್ಲಿ ಮಾತಾಡುತ್ತಿದ್ದರು. ‘ದೀದಿ, ಇಲ್ಲಿ ರಾತ್ರಿ ಎಷ್ಟು ಹೊತ್ತಿಗೆ ಬಂದರೂ ನನಗೆ ಹೆದರಿಕೆಯಿಲ್ಲ. ಆದರೆ ಮದುವೆಯಾಗಿ ಬಂದ ಹೊಸದರಲ್ಲಿ, ಹಗಲು ಹೊತ್ತು ನಾನು ಯಾವ ಸೀರೆ ಉಟ್ಟೆ, ಯಾರ ಜೊತೆ ಮಾತಾಡಿದೆ ಎಂಬುದು ನನಗಿಂತ ಮೊದಲು ಅತ್ತೆಗೆ ತಲುಪುತ್ತಿತ್ತು.’ ಅವರು ದೂರುತ್ತಿರಲಿಲ್ಲ, ಇದ್ದದ್ದನ್ನು ಹೇಳಿದರು. ಕಾಯುವ ಕಣ್ಣು ಕಟ್ಟಿಹಾಕುವ ಕಣ್ಣೂ ಆಗಬಲ್ಲದು. ಎಷ್ಟೋ ಹೆಣ್ಣುಮಕ್ಕಳು ಇಂಥ ಬೀದಿಗಳಿಂದ ಉಸಿರಾಡಲೆಂದೇ ಹೊರಟುಹೋಗಿದ್ದಾರೆ. ಅವರ ಮಾತನ್ನು ಬಿಟ್ಟು ನಾನು ಈ ಪೋಳನ್ನು ಹಾಡಿಹೊಗಳಿದರೆ ಅದು ಅರ್ಧ ಸತ್ಯ.

ಬಾಗಿಲಿಗೂ ಇನ್ನೊಂದು ಮುಖವಿದೆ. ಒಳಗಿನವರನ್ನು ಕಾಯುವ ಅಗುಳಿ ಹೊರಗಿನವರು ಯಾರೆಂದೂ ತೀರ್ಮಾನಿಸುತ್ತದೆ. ಒಂದು ಪೋಳಿನಲ್ಲಿ ಒಂದೇ ಜಾತಿ, ಒಂದೇ ಕಸುಬು, ಒಂದೇ ಧರ್ಮದವರು ಇರುವುದೇ ಹಿಂದಿನಿಂದ ಬಂದ ರೂಢಿ. 1969, 1985, 2002. ಕೋಮುಗಲಭೆಯ ಈ ಮೂರು ವರ್ಷಗಳ ಹೆಸರೆತ್ತಿದರೆ ಹಳೆಯ ಊರಿನಲ್ಲಿ ಮಾತು ಸಣ್ಣದಾಗುತ್ತದೆ. ಮುಚ್ಚಿದ ಬಾಗಿಲುಗಳು ಆಗ ಎಷ್ಟೋ ಜೀವ ಉಳಿಸಿದವು. ಅಕ್ಕಪಕ್ಕದ ಬೀದಿಗಳನ್ನು ಶಾಶ್ವತವಾಗಿ ದೂರವೂ ಮಾಡಿದವು. ಆದರೆ ಈ ಊರು ಇನ್ನೊಂದು ದಿನವನ್ನೂ ಮರೆತಿಲ್ಲ. 1946ರ ಜುಲೈ 1. ರಥಯಾತ್ರೆಯ ದಿನ ಹೊತ್ತಿಕೊಂಡ ಗಲಭೆಯನ್ನು ತಡೆಯಲು ವಸಂತರಾವ್ ಹೆಗಿಷ್ಟೆ, ರಜಬ್ ಅಲಿ ಲಾಖಾನಿ ಎಂಬ ಇಬ್ಬರು ಗೆಳೆಯರು ಜಮಾಲ್‌ಪುರದ ಕಡೆ ಗುಂಪಿನ ಎದುರಿಗೆ ಹೋಗಿ ನಿಂತರು. ಇಬ್ಬರೂ ಅಂದೇ ಪ್ರಾಣ ಕೊಟ್ಟರು. ಇಂದಿಗೂ ಅವರನ್ನು ಒಬ್ಬೊಬ್ಬರಾಗಿ ಕರೆಯುವುದಿಲ್ಲ; ವಸಂತ-ರಜಬ್ ಎಂದೇ ಒಟ್ಟಿಗೆ ಹೇಳುತ್ತಾರೆ.

ಕಾಯಲಾರದೆ ಹೋದದ್ದನ್ನು ಒಪ್ಪಿಕೊಳ್ಳುವ ಒಂದು ಪೋಳೂ ಇಲ್ಲಿದೆ. ಶಾಹಪುರದ ಸಾದುಮಾತಾ ಪೋಳು. ಸುಮಾರು ಇನ್ನೂರು ವರ್ಷದ ಹಿಂದೆ ಸಾದುಬೆನ್ ಎಂಬಾಕೆ ತನ್ನ ಮೇಲೆ ಕಣ್ಣಿಟ್ಟ ಅಧಿಕಾರಸ್ಥನಿಂದ ಕಾಪಾಡಿ ಎಂದು ಪೋಳಿನ ಗಂಡಸರನ್ನು ಬೇಡಿದಳಂತೆ. ಅವರು ಕದಲಲಿಲ್ಲ. ಆಕೆಯ ಮಗು ಸತ್ತಿತು. ಆಕೆ ಅವರನ್ನು ಶಪಿಸಿ ತಾನೂ ಪ್ರಾಣ ಬಿಟ್ಟಳು ಎಂದು ಕಥೆ. ಇಂದಿಗೂ ನವರಾತ್ರಿಯ ಅಷ್ಟಮಿಯ ರಾತ್ರಿ ಅಲ್ಲಿನ ಬಾರೋಟ್ ಸಮುದಾಯದ ಗಂಡಸರು ಸೀರೆಯುಟ್ಟು ಗರ್ಬಾ ಆಡುತ್ತಾರೆ. ಅದು ಅವರ ಕ್ಷಮಾಪಣೆ. ಗೆದ್ದ ಯುದ್ಧಗಳಿಗೆ ಹಬ್ಬ ಮಾಡುವುದನ್ನು ಎಲ್ಲೆಡೆ ಕಂಡಿದ್ದೇನೆ. ತಾವು ಕಾಯದೆ ಹೋದ ಒಬ್ಬ ಹೆಂಗಸಿಗಾಗಿ ಬೀದಿಯೊಂದು ತಲೆಮಾರುಗಳ ಕಾಲ ಪಶ್ಚಾತ್ತಾಪ ಪಡುವುದನ್ನು ಕೇಳಿದ್ದು ಇದೇ ಮೊದಲು.

ಎರಡನೆಯ ದಿನದ ರಾತ್ರಿ ನಾವು ಮಾಣೆಕ್ ಚೌಕಕ್ಕೆ ಹೋದೆವು. ಬೆಳಿಗ್ಗೆ ತರಕಾರಿ, ದನಗಳಿಗೆ ಹುಲ್ಲು. ಹಗಲೆಲ್ಲ ಬೆಳ್ಳಿ ಬಂಗಾರ. ರಾತ್ರಿಯಾದರೆ ಅದೇ ಜಾಗ ಊಟದ ಸಂತೆ. ಚಿನ್ನದಂಗಡಿಗಳು ಶಟರು ಎಳೆಯುವ ಹೊತ್ತಿಗೆ ಅವುಗಳ ಮೆಟ್ಟಿಲ ಮುಂದೆಯೇ ಬೆಂಚು ಬೀಳುತ್ತವೆ, ಕಾವಲಿ ಕಾಯುತ್ತದೆ, ಬೆಣ್ಣೆ ಕರಗುತ್ತದೆ. ಗಂಟೆ ಹನ್ನೊಂದೂವರೆ. ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡ ತಾಯಂದಿರು, ಸ್ಕೂಟರಿನಲ್ಲಿ ಬಂದ ಕಾಲೇಜು ಹುಡುಗಿಯರು, ಇಡೀ ಕುಟುಂಬಗಳು. ಊರಿನ ಬಂಗಾರವೆಲ್ಲ ಇರುವ ಬೀದಿಯನ್ನು ಊರಿನ ಹಸಿವು ಕಾಯುತ್ತಿತ್ತು. ಬೆಂಗಳೂರಿನಲ್ಲಿ ಆ ಹೊತ್ತಿಗೆ ನಾನು ಆಟೋ ಹತ್ತಿ ಮಗನಿಗೆ ಗಾಡಿಯ ನಂಬರು ಕಳಿಸುತ್ತಿದ್ದೆ. ಅಂದು ಮೊಬೈಲು ಚೀಲದಲ್ಲೇ ಉಳಿಯಿತು.

ಅಲ್ಲಿಂದ ಹೆಚ್ಚು ದೂರವಿಲ್ಲ ತೀನ್ ದರ್ವಾಜಾ. ಮೂರು ಕಮಾನುಗಳ ಕಲ್ಲಿನ ಹೆಬ್ಬಾಗಿಲು, ಊರು ಹುಟ್ಟಿದ ಕಾಲದ್ದು. ಬಟ್ಟೆ, ಬಳೆ, ಚಪ್ಪಲಿಯ ಗಾಡಿಗಳು ಸರಿದುಹೋಗಿದ್ದವು. ‘ಅಲ್ಲಿ ನೋಡಿ ಅತ್ತೆ’ ಎಂದ ಹುಡುಗ. ಕಲ್ಲಿನ ಗೂಡಿನಲ್ಲಿ ಒಂದು ದೀಪ ಉರಿಯುತ್ತಿತ್ತು.

ಕಥೆ ಹೀಗಿದೆ. ಒಂದು ರಾತ್ರಿ ಲಕ್ಷ್ಮಿ ಈ ಊರು ಬಿಟ್ಟು ಹೊರಟಳಂತೆ. ಭದ್ರ ಕೋಟೆಯ ಬಾಗಿಲಲ್ಲಿ ಕಾವಲಿದ್ದ ಕೊತ್ವಾಲ ಖ್ವಾಜಾ ಸಿದ್ದಿಕ್ ಅವಳನ್ನು ತಡೆದ. ತಾಯಿ, ಸುಲ್ತಾನರ ಅಪ್ಪಣೆ ಪಡೆದು ಬರುತ್ತೇನೆ, ನಾನು ಮರಳುವವರೆಗೆ ಇಲ್ಲೇ ಇರುತ್ತೇನೆಂದು ಮಾತು ಕೊಡು ಎಂದ. ಅವಳು ಕೊಟ್ಟಳು. ಅವನು ಹೋಗಿ ತನ್ನ ತಲೆಯನ್ನೇ ಒಪ್ಪಿಸಿದ. ಕಾವಲುಗಾರ ಮರಳಲಿಲ್ಲ, ಮಾತು ಕೊಟ್ಟ ಲಕ್ಷ್ಮಿ ಹೊರಡಲಿಲ್ಲ. ಭದ್ರದಲ್ಲಿ ಅವನ ಗೋರಿಯೂ ಇದೆ, ಭದ್ರಕಾಳಿಯ ಗುಡಿಯೂ ಇದೆ. ತೀನ್ ದರ್ವಾಜಾದ ಗೂಡಿನಲ್ಲಿ ಲಕ್ಷ್ಮಿಯ ಹೆಸರಿನ ದೀಪವನ್ನು ಒಂದು ಮುಸ್ಲಿಂ ಕುಟುಂಬ ತಲೆಮಾರಿನಿಂದ ತಲೆಮಾರಿಗೆ ಆರದಂತೆ ನೋಡಿಕೊಂಡು ಬಂದಿದೆ. ಆರು ನೂರು ವರ್ಷದಿಂದ ಎನ್ನುತ್ತದೆ ಊರು.

ನಮ್ಮ ಕಡೆಯೂ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಬರುವ ಮಾರಿಯನ್ನು ಮಾತಿನಲ್ಲಿ ಕಟ್ಟಿ ಹಿಂದೆ ಕಳಿಸುವ ಉಪಾಯ ಅದು. ಇಲ್ಲಿ ಹೊರಟ ಲಕ್ಷ್ಮಿಯನ್ನು ಮಾತಿನಲ್ಲಿ ಕಟ್ಟಿ ನಿಲ್ಲಿಸಿಕೊಂಡಿದ್ದಾರೆ. ಆ ದೀಪದ ಕೆಳಗೆ ನಿಂತು ಯೋಚಿಸಿದೆ. ಮಸಿ ಹಿಡಿದ ಆ ಕಲ್ಲುಗೂಡಿಗೆ ಅಗುಳಿಯಿಲ್ಲ, ಬೀಗವಿಲ್ಲ. ಯಾರದೋ ದೇವರಿಗೆ ಇನ್ಯಾರೋ ಎಣ್ಣೆ ಹಾಕುತ್ತಿದ್ದಾರೆ. ಅಷ್ಟೂ ಪೋಳುಗಳ ಅಷ್ಟೂ ಹೆಬ್ಬಾಗಿಲುಗಳಿಗಿಂತ ಈ ಅಂಗೈಯಗಲದ ದೀಪವೇ ಊರನ್ನು ಹೆಚ್ಚು ಕಾದಿದೆ ಎಂದು ನನಗೆ ಅಂದು ಅನ್ನಿಸಿತು, ಇಂದೂ ಅನ್ನಿಸುತ್ತದೆ. ಬಾಗಿಲು ಒಳಗಿನವರನ್ನಷ್ಟೇ ಕಾಯುತ್ತದೆ. ದೀಪಕ್ಕೆ ಒಳಗೂ ಹೊರಗೂ ಒಂದೇ.

ಮೂರನೆಯ ದಿನ ಬಾ ನನ್ನ ಕೈ ಹಿಡಿದು ಓಣಿಯ ಒಳತುದಿಯವರೆಗೆ ಕರೆದೊಯ್ದರು. ಅಲ್ಲಿ ಸಾಲಾಗಿ ನಾಲ್ಕು ಮನೆಗೆ ಬೀಗ. ಒಂದರ ಕೆತ್ತನೆಯ ತೊಲೆಗಳನ್ನು ಬಿಚ್ಚಿ ಮಾರಿದ್ದಾರೆ. ಗೋಡೆಯಲ್ಲಿ ಹಲ್ಲು ಕಿತ್ತಂಥ ಗುಳಿಗಳು. ಇನ್ನೊಂದು ಗೋದಾಮಾಗಿದೆ. ಮಕ್ಕಳೆಲ್ಲ ನದಿಯ ಆಚೆ, ಪಶ್ಚಿಮದ ಹೊಸ ಬಡಾವಣೆಗಳಿಗೆ ಹೋಗಿದ್ದಾರೆ. ಕಾರು ನಿಲ್ಲಿಸಲು ಜಾಗ ಬೇಕು, ಲಿಫ್ಟ್ ಬೇಕು, ಒಂದಿಷ್ಟು ಏಕಾಂತವೂ ಬೇಕು, ತಪ್ಪೇನಿದೆ? ಆದರೆ ಬಾ ಹೇಳಿದ್ದು ಇಷ್ಟು: ‘ಇಲ್ಲಿ ಬಂದರೆ ನಾನೂ ಬೇಗ ಬೇಗ ಹೆಜ್ಜೆ ಹಾಕುತ್ತೇನೆ.’ ಐವತ್ತು ವರ್ಷ ಈ ಓಣಿಯಲ್ಲಿ ಬಾಳಿದವರಿಗೂ ಖಾಲಿ ಜಗಲಿಗಳ ಮುಂದೆ ಹೆದರಿಕೆ. ಹೆಬ್ಬಾಗಿಲು ಇದ್ದಲ್ಲೇ ಇದೆ, ಅಗುಳಿ ಗಟ್ಟಿಯಾಗಿಯೇ ಇದೆ, ಕೂರುವವರಿಲ್ಲ, ಅಷ್ಟೇ.

ಹೊರಡುವ ದಿನ ಸಂಜೆ ಒಬ್ಬಳೇ ಹೋದೆ, ಹೇಳಿಬರೋಣವೆಂದು. ಮಾಡಿನ ಮೇಲೆಲ್ಲ ಹುಡುಗರು, ಹಬ್ಬಕ್ಕೆ ಮೊದಲೇ ಆಕಾಶದ ತುಂಬ ಗಾಳಿಪಟ. ಹೆಬ್ಬಾಗಿಲು ದಾಟಿದೆ. ಬಾ ಅವರ ಜಗಲಿಯ ಮೇಲೆ ಬಾ ಇರಲಿಲ್ಲ. ಏಳೆಂಟು ವರ್ಷದ ಹುಡುಗಿಯೊಬ್ಬಳು ಕಂಬಕ್ಕೆ ಒರಗಿ, ಮಡಿಲಲ್ಲಿ ನೋಟ್‌ಬುಕ್ಕು ಇಟ್ಟುಕೊಂಡು ಮಗ್ಗಿ ಬರೆಯುತ್ತಿದ್ದಳು. ಮೊದಲ ದಿನ ಬಾ ರಿಬ್ಬನ್ ಕಟ್ಟಿ ಕಳಿಸಿದ ಹುಡುಗಿಯೇ. ಅವಳಿಗೆ ನನ್ನ ಗುರುತು ಸಿಗಲಿಲ್ಲ. ಪೆನ್ಸಿಲು ನಿಲ್ಲಿಸಿ, ಕತ್ತೆತ್ತಿ, ಥೇಟ್ ಬಾ ಅವರ ದನಿಯಲ್ಲೇ ಕೇಳಿದಳು:

‘ಕೋನು ಕಾಮ್ ಛೇ?’

ನಾನು ಉತ್ತರ ಹುಡುಕುವ ಮೊದಲೇ ಒಳಗಿನ ಅಂಗಳದಿಂದ, ಪಾತ್ರೆ ಇಡುವ ಸದ್ದಿನ ನಡುವೆ ಬಾ ಕೂಗಿ ಹೇಳಿದರು, ‘ಅಮಾರಾ ಮೆಹಮಾನ್ ಛೇ.’ ನಮ್ಮ ನೆಂಟರು.

ಹುಡುಗಿ ನೋಟ್‌ಬುಕ್ಕು ಎತ್ತಿಕೊಂಡು ಒಂದು ಮಾರು ಅತ್ತ ಸರಿದಳು. ಅವಳು ಬಿಟ್ಟುಕೊಟ್ಟ ಜಾಗ ಇನ್ನೂ ಬೆಚ್ಚಗಿತ್ತು. ನಾನು ಕೂತೆ.